ತೇವಕ್ಕೆ ಅಂಜುವ ಇಂಧನ

ಅರೆಬರೆ ಒಣಗಿದ ಅಡಿಕೆಯನ್ನು ಮೂಟೆ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಸಾಗರ, ತೀರ್ಥಹಳ್ಳಿಯ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಘಟ್ಟದ ಮಗ್ಗುಲಲ್ಲೇ ಇರುವ ಕೈಗಾ ಅಣುಸ್ಥಾವರದ ಇಂಧನಕ್ಕೂ ಶತ್ರು ತೇವವೇ.

ಅಲ್ಲಿ ಬಳಸುವುದು ನೈಸರ್ಗಿಕ ಯುರೇನಿಯಂನ ಡೈಆಕ್ಸೈಡ್. ಪುಡಿಯನ್ನು ಒತ್ತಿ ಗುಳಿಗೆ ಮಾಡಿ, ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ ಸುಮಾರು 1700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಬೆಂದ ಗುಳಿಗೆ ಕುಗ್ಗಿ ಗಟ್ಟಿಯಾಗುತ್ತದೆ. ಅಂಚು ಚಕ್ಕೆಯೆದ್ದದ್ದು, ಬಿರುಕು ಬಿಟ್ಟದ್ದು ತಪಾಸಣೆಯಲ್ಲೇ ಹೊರಬೀಳುತ್ತದೆ. ಉಳಿದವು ಜಿರ್ಕಲಾಯ್ ಎಂಬ ಜಿರ್ಕೋನಿಯಂ ಮಿಶ್ರಲೋಹದ ಕೊಳವೆ ಸೇರುತ್ತವೆ. ಅಂಥ 19 ಕೊಳವೆಗಳು ಸೇರಿದರೆ ಅರ್ಧ ಮೀಟರ್ ಉದ್ದದ ಒಂದು ಕಟ್ಟು. ಕೊಳವೆಯೊಳಗೆ ಚೂರು ತೇವ ಉಳಿದರೂ ಅದರ ಹೈಡ್ರೋಜನ್ನನ್ನು ಲೋಹ ಹೀರಿಕೊಂಡು ಪೆಡಸಾಗಿ, ಒಳಗಿನಿಂದಲೇ ಸೀಳಬಹುದು.

ಇದು ಪಳಗಿದ ಕೆಲಸ. ತಮಿಳುನಾಡಿನ ಕಲ್ಪಾಕ್ಕಂನಲ್ಲಿರುವ, ವೇಗದ ನ್ಯೂಟ್ರಾನ್‌ಗಳಿಂದ ನಡೆಯುವ ಪ್ರಾಯೋಗಿಕ ರಿಯಾಕ್ಟರಿಗೆ ಇಂಧನ ಹೊಂದಿಸಿದ ಕಥೆ ಬೇರೆಯೇ. ಅದರ ವಿನ್ಯಾಸಕ್ಕೆ ಫ್ರಾನ್ಸ್‌ನ ರಾಪ್ಸೋಡಿ ಎಂಬ ರಿಯಾಕ್ಟರೇ ಮಾದರಿ. 1974ರ ಪೋಖ್ರಾನ್ ಪರೀಕ್ಷೆಯ ನಂತರ ಫ್ರಾನ್ಸ್‌ನಿಂದ ಬರಬೇಕಿದ್ದ ಸಂಪುಷ್ಟ ಯುರೇನಿಯಂ (ಸೀಳುವ ಯುರೇನಿಯಂ-235ರ ಪಾಲು ಹೆಚ್ಚಿಸಿದ್ದು) ಬರಲಿಲ್ಲ. ಆ ಕೊರತೆಯನ್ನು ಪ್ಲುಟೋನಿಯಂನಿಂದ ತುಂಬಬೇಕಾಯಿತು. ಆದರೆ ಅಷ್ಟು ಪ್ಲುಟೋನಿಯಂ ಇರುವ ಆಕ್ಸೈಡಿಗೂ ರಿಯಾಕ್ಟರನ್ನು ತಂಪಾಗಿಡುವ ದ್ರವ ಸೋಡಿಯಂಗೂ ಆಗಿಬರುವುದಿಲ್ಲ. ಹಾಗಾಗಿ 70 ಪಾಲು ಪ್ಲುಟೋನಿಯಂ ಕಾರ್ಬೈಡ್, 30 ಪಾಲು ಯುರೇನಿಯಂ ಕಾರ್ಬೈಡ್ ಎಂಬ, ಬೇರೆಲ್ಲೂ ರಿಯಾಕ್ಟರಿಗೆ ಪೂರ್ತಿ ತುಂಬಿ ನೋಡಿರದ ಮಿಶ್ರಣಕ್ಕೆ ಮುಂಬೈ ಟ್ರಾಂಬೆಯ ಅಣು ಸಂಶೋಧನಾ ಪ್ರಯೋಗಾಲಯ ಕೈಹಾಕಿತು. ಹಟವೆನ್ನಿ, ಅನಿವಾರ್ಯವೆನ್ನಿ.

ಕಾರ್ಬೈಡಿನ ಪುಡಿ ಗಾಳಿ ತಾಗಿದರೆ ಹೊತ್ತಿಕೊಳ್ಳಬಹುದು. ತೇವ ತಾಗಿದರೆ ಕೆಡುತ್ತದೆ. ಆದ್ದರಿಂದ ಕೆಲಸವೆಲ್ಲ ಒಣ ಜಡ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿ, ಅದರ ಗೋಡೆಗೇ ಅಂಟಿಸಿದ ರಬ್ಬರ್ ಕೈಗವಸಿನ ಮೂಲಕ. ಫಜೀತಿ ಇರುವುದು ಇಲ್ಲೇ. ಪ್ಲುಟೋನಿಯಂ ಹೊರಗೆ ಬರಬಾರದೆಂದು ಪೆಟ್ಟಿಗೆಯ ಒಳಗಿನ ಒತ್ತಡವನ್ನು ಕೋಣೆಯ ಒತ್ತಡಕ್ಕಿಂತ ತುಸು ಕಡಿಮೆ ಇಡಬೇಕು. ಕೈಗವಸಿಗೆ ಸೂಜಿಮೊನೆಯಷ್ಟು ತೂತಾದರೆ ಕೆಲಸಗಾರ ಬಚಾವು, ಇಂಧನಕ್ಕೆ ಗಂಡಾಂತರ: ಹೊರಗಿನ ಗಾಳಿ, ತೇವ ಎರಡೂ ಒಳನುಗ್ಗುತ್ತವೆ.

1985ರ ಅಕ್ಟೋಬರ್ 18ರಂದು ರಿಯಾಕ್ಟರ್ ಚಾಲೂ ಆಯಿತು. ಕಾರ್ಬೈಡ್ ಆಕ್ಸೈಡಿಗಿಂತ ಹೆಚ್ಚು ಉಬ್ಬುತ್ತದೆ. ಗುಳಿಗೆಗೂ ಉಕ್ಕಿನ ಕೊಳವೆಗೂ ನಡುವಿನ ಸಂದು ಮುಚ್ಚಿದರೆ ಕೊಳವೆ ಬಿರಿಯಬಹುದು. ಅದಕ್ಕೇ ಒಂದು ಟನ್ ಇಂಧನದಿಂದ ಎಷ್ಟು ಶಾಖ ತೆಗೆಯಬೇಕೆಂಬುದಕ್ಕೆ ಮೊದಲು 25,000 ಮೆಗಾವಾಟ್-ದಿನದ ಮಿತಿ ಹಾಕಿಕೊಂಡರು. ಅಷ್ಟು ಉರಿದ ಕೊಳವೆಗಳನ್ನು ಹೊರತೆಗೆದು, ದಪ್ಪ ಗೋಡೆಯ ಆಚೆ ಯಂತ್ರದ ಕೈಗಳಿಂದ ಕತ್ತರಿಸಿ, ಸಂದು ಎಷ್ಟು ಉಳಿದಿದೆಯೆಂದು ಅಳೆದರು. ಆಮೇಲಷ್ಟೇ 50,000. ಇದೇ ಅಳತೆಯ ದಾರಿಯಲ್ಲಿ ಒಂದು ಲಕ್ಷವೂ ದಾಟಿತು.