ಹತ್ತು ಸೆಕೆಂಡಿನ ಇಸಿಜಿಗೆ ಸಿಗದ ಎದೆಬಡಿತ

ದಿನಕ್ಕೆ 86,400 ಸೆಕೆಂಡು. ಮಾಮೂಲಿ ಇಸಿಜಿ ದಾಖಲಿಸುವುದು ಅದರಲ್ಲಿ ಬರೀ 10. ನಿಮಿಷಕ್ಕೆ 72ರಂತೆ ಬಡಿಯುವ ಹೃದಯದ 12 ಬಡಿತಗಳು ಕಾಗದದ ಮೇಲೆ ಮೂಡುತ್ತವೆ. ಆ ದಿನದ ಮಿಕ್ಕ ಒಂದು ಲಕ್ಷ ಚಿಲ್ಲರೆ ಬಡಿತಗಳು ಹೇಗಿದ್ದವೋ ಅದಕ್ಕೆ ಗೊತ್ತಿಲ್ಲ. ವಾರಕ್ಕೊಮ್ಮೆ ಐದು ನಿಮಿಷ ಎದೆ ಡವಗುಟ್ಟುವವರು ಮೂರು ದಿನ ಬಿಟ್ಟು ಹೋಗಿ ಮಲಗಿದರೆ ಇಸಿಜಿ ನಾರ್ಮಲ್ ಬರದೆ ಇನ್ನೇನು ಬಂದೀತು? ಆದರೂ ಆ ಒಂದು ಪದವನ್ನೇ ಹಿಡಿದು, "ನಿಮಗೇನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಎಂದು ಕಳಿಸಿಬಿಡುವುದುಂಟು.

ಈ "ಏನೂ ಇಲ್ಲ" ಎಂಬ ಮಾತಿನೊಳಗೆ ಮೂರು ಬೇರೆ ಬೇರೆ ಮಾತು ಅಡಗಿರಬಹುದು. ಹುಡುಕಿದೆವು, ಸಿಗಲಿಲ್ಲ. ಸಿಕ್ಕಿದೆ, ಆದರೆ ಅಪಾಯದ್ದಲ್ಲ. ಹುಡುಕಲೇ ಇಲ್ಲ. ಯಾವುದು ಎಂದು ನೇರವಾಗಿ ಕೇಳುವುದರಲ್ಲಿ ಅವಿನಯವೇನಿಲ್ಲ. ಉತ್ತರಕ್ಕೆ ತಕ್ಕಂತೆ ಮುಂದಿನ ದಾರಿಯೂ ಬೇರೆಯಾಗುತ್ತದೆ.

ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಹೆಚ್ಚು ಜನರ ದೂರು ಅಲ್ಲಿಗೇ ಬಂದು ನಿಲ್ಲುತ್ತದೆ. "ಒಂದು ಬಡಿತ ತಪ್ಪಿದ ಹಾಗಾಯಿತು" ಎನ್ನುವಾಗ ಸಾಮಾನ್ಯವಾಗಿ ಬಡಿತ ತಪ್ಪಿರುವುದಿಲ್ಲ, ಬೇಗ ಬಂದಿರುತ್ತದೆ. ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಜೀವಕೋಶಗಳ ಗುಂಪು ತಾಳ ಹಾಕುತ್ತಿರುತ್ತದೆ. ಹೃದಯದ ಬೇರೆಲ್ಲೋ ಒಂದು ಜಾಗ ಸರದಿ ಮುರಿದು ಮುಂಚೆಯೇ ಮಿಡಿದರೆ ಅದು ಎಕ್ಟೋಪಿಕ್ ಬಡಿತ. ಕೆಳಕೋಣೆಗೆ ಆಗಿನ್ನೂ ರಕ್ತ ಪೂರ್ತಿ ತುಂಬಿರುವುದಿಲ್ಲ, ಹಾಗಾಗಿ ಆ ಬಡಿತ ಸಪ್ಪೆ. ಅದರ ಬೆನ್ನಿಗೇ ಒಂದು ಬಿಡುವು. ಬಿಡುವಿನಲ್ಲಿ ರಕ್ತ ಹೆಚ್ಚೇ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಎದೆಗೂಡಿಗೆ ಧಡಕ್ಕನೆ ಗುದ್ದುತ್ತದೆ. ಹೆದರಿಸುವ ಆ ಗುದ್ದು ನಿಜಕ್ಕೂ ಸರಿಯಾದ ಬಡಿತದ್ದು. ರಾತ್ರಿ ಎಡ ಮಗ್ಗುಲಿಗೆ ಮಲಗಿದಾಗ ಹೃದಯದ ತುದಿ ಎದೆಗೋಡೆಗೆ ಹತ್ತಿರವಾಗುವುದರಿಂದ ಇದು ಇನ್ನೂ ಜೋರಾಗಿ ತಿಳಿಯುತ್ತದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮತ್ತು ಕೈಗಡಿಯಾರಗಳು ಎಡವುವುದೂ ಇಲ್ಲೇ. ಸಪ್ಪೆ ಬಡಿತದ ಅಲೆ ಮಣಿಕಟ್ಟಿನವರೆಗೆ ಮುಟ್ಟದೇ ಹೋಗಬಹುದು. ಒಂದು ಸರಿಯಾದ ಬಡಿತ, ಒಂದು ಎಕ್ಟೋಪಿಕ್ ಎಂಬ ಸರದಿ ಶುರುವಾದರೆ ಹೃದಯ 80 ಬಾರಿ ಮಿಡಿದರೂ ಯಂತ್ರ 40 ಎಂದು ತೋರಿಸೀತು. ಬೆಳಕಿನಿಂದ ನಾಡಿ ಎಣಿಸುವ ಯಂತ್ರದ ಮಿತಿ ಅದು. ಇಸಿಜಿ ತೆಗೆಯುವ ಗಡಿಯಾರದ 30 ಸೆಕೆಂಡಿನ ದಾಖಲೆ ಇದಕ್ಕಿಂತ ಎಷ್ಟೋ ವಾಸಿ.

ಎಕ್ಟೋಪಿಕ್‌ಗಳು ಆರೋಗ್ಯವಂತರಲ್ಲೂ ಇರುತ್ತವೆ. ಅವನ್ನು ಮಾತ್ರೆ ಕೊಟ್ಟು ಅಡಗಿಸಲು ವೈದ್ಯರು ಹಿಂಜರಿಯುವುದಕ್ಕೆ ಒಂದು ಕಹಿ ಇತಿಹಾಸವಿದೆ. ಹೃದಯಾಘಾತವಾದವರಲ್ಲಿ ಎಕ್ಟೋಪಿಕ್ ಹೆಚ್ಚಿದ್ದರೆ ಸಾವೂ ಹೆಚ್ಚು ಎಂಬುದು ತಿಳಿದಿತ್ತು. ಹಾಗಾದರೆ ಅವನ್ನು ತಡೆದರೆ ಜೀವ ಉಳಿಯಬೇಕಲ್ಲ ಎಂಬ ತರ್ಕದ ಮೇಲೆ ಕಾಸ್ಟ್ ಎಂಬ ಪ್ರಯೋಗ ನಡೆಯಿತು. 1989ರಲ್ಲಿ ಫಲಿತಾಂಶ ಬಂದಾಗ, ಎನ್ಕೈನೈಡ್ ಅಥವಾ ಫ್ಲೆಕೈನೈಡ್ ನುಂಗಿದವರೇ ಹುಸಿ ಮಾತ್ರೆ ನುಂಗಿದವರಿಗಿಂತ ಹೆಚ್ಚು ಸತ್ತಿದ್ದರು. ಬಡಿತ ನೇರವಾಗಿತ್ತು, ರೋಗಿ ಉಳಿಯಲಿಲ್ಲ. ಹಾಗಾಗಿ "ಇದಕ್ಕೆ ಮಾತ್ರೆ ಬೇಡ" ಎಂಬ ಸಲಹೆ ಎಷ್ಟೋ ಸಲ ಉಡಾಫೆಯಲ್ಲ. ಈ ಕಾರಣವನ್ನು ಎರಡು ನಿಮಿಷ ಕೂತು ಹೇಳದಿರುವುದು ಮಾತ್ರ ಉಡಾಫೆಯೇ. ಇನ್ನೊಂದು ಮಾತು: ಒಟ್ಟು ಬಡಿತಗಳಲ್ಲಿ ಕೆಳಕೋಣೆಯ ಎಕ್ಟೋಪಿಕ್‌ಗಳ ಪಾಲು ಶೇ. 10 ದಾಟಿದರೆ ಕಾಲಕ್ರಮೇಣ ಕೆಲವರ ಹೃದಯಸ್ನಾಯು ಸೋಲಬಹುದು. ಆಗ "ಪರವಾಗಿಲ್ಲ" ಎಂದು ಬಿಡುವಂತಿಲ್ಲ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ, ಆಗಾಗ ಮತ್ತೆ ನೋಡುತ್ತಿರಬೇಕು.

ಇನ್ನು ಸರಿಯಾಗಿ ಹುಡುಕದಿದ್ದರೆ ನಿಜವಾಗಿ ಕೈತಪ್ಪಿ ಹೋಗುವ ಕಾಯಿಲೆ, ಬಡಿತ ಇದ್ದಕ್ಕಿದ್ದಂತೆ ಓಡತೊಡಗುವ ಎಸ್‌ವಿಟಿ. ಹೃದಯದೊಳಗೆ ಹುಟ್ಟಿನಿಂದಲೇ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುವವರಲ್ಲಿ ಸಂಕೇತ ಅದರೊಳಗೆ ಗಿರಕಿ ಹೊಡೆಯತೊಡಗುತ್ತದೆ. ಬಡಿತ ನಿಮಿಷಕ್ಕೆ 150ರಿಂದ 250ಕ್ಕೆ ನೆಗೆಯುತ್ತದೆ. ಕೈ ನಡುಗುತ್ತದೆ, ಬೆವರು, ಉಸಿರುಕಟ್ಟು, ಸತ್ತೇ ಹೋಗುತ್ತೇನೆಂಬ ಭಯ. ಪ್ಯಾನಿಕ್ ಅಟ್ಯಾಕಿನ ವಿವರಣೆಯೂ ಇದೇ ತಾನೆ! 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಸ್‌ವಿಟಿ ಖಚಿತವಾಗಿದ್ದ 107 ಮಂದಿಯನ್ನು ವಿಚಾರಿಸಿದಾಗ, ಶೇ. 67 ಮಂದಿಯ ಲಕ್ಷಣಗಳು ಪ್ಯಾನಿಕ್ ಕಾಯಿಲೆಯ ವ್ಯಾಖ್ಯೆಗೂ ಹೊಂದುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮೊದಲ ತಪಾಸಣೆಯಲ್ಲಿ ರೋಗ ಪತ್ತೆಯೇ ಆಗಿರಲಿಲ್ಲ. ಹಾಗೆ ತಪ್ಪಿಹೋದಾಗ ಲಕ್ಷಣಗಳನ್ನು ಮನಸ್ಸಿನ ತೊಂದರೆ ಎಂದು ತಳ್ಳಿಹಾಕಿದ್ದು ಹೆಂಗಸರಲ್ಲಿ ಹೆಚ್ಚಾಗಿತ್ತು.

ಎರಡನ್ನೂ ಬೇರ್ಪಡಿಸುವ ಸುಳಿವುಗಳಿವೆ, ಅವು ರೋಗಿಯ ಬಾಯಿಂದಲೇ ಬರಬೇಕು. ಎಸ್‌ವಿಟಿ ಸ್ವಿಚ್ ಹಾಕಿದಂತೆ ಶುರುವಾಗಿ, ಆರಿಸಿದಂತೆ ನಿಲ್ಲುತ್ತದೆ. ಗಾಬರಿಯ ಓಟವಾದರೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಎಸ್‌ವಿಟಿಯಲ್ಲಿ ಬಗ್ಗಿ ಎದ್ದಾಗ ಓಟ ಶುರುವಾಗುವುದುಂಟು. ಕತ್ತಿನಲ್ಲಿ ಪಟಪಟ ಹೊಡೆದುಕೊಳ್ಳುವ ಅನುಭವವಿದ್ದರೆ ಅದನ್ನು ಹೇಳಲೇಬೇಕು: ಮೇಲ್ಕೋಣೆ ಮುಚ್ಚಿದ ಕವಾಟದ ವಿರುದ್ಧ ಕುಗ್ಗುವಾಗ ರಕ್ತ ಕತ್ತಿನ ಅಭಿಧಮನಿಗೆ ಹಿಮ್ಮೆಟ್ಟುವುದರಿಂದ ಹೀಗಾಗುತ್ತದೆ. ಮುಗಿದ ಮೇಲೆ ವಿಪರೀತ ಮೂತ್ರ ಬರುವುದೂ ಒಂದು ಸುಳಿವು. ಹಿಗ್ಗಿದ ಮೇಲ್ಕೋಣೆ ಮೂತ್ರ ಹೆಚ್ಚಿಸುವ ಹಾರ್ಮೋನು ಸುರಿಸಿರುತ್ತದೆ.

ತಾಳವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿ. ನಡುನಡುವೆ ಒಂದು ಗುದ್ದೋ, ಗಡಿಯಾರದಂತೆ ನೇರವಾದ ವೇಗವೋ, ಯಾವ ಲೆಕ್ಕಕ್ಕೂ ಸಿಗದ ಅಡ್ಡಾದಿಡ್ಡಿಯೋ ಎಂಬುದು ಆಗಲೇ ತಿಳಿದುಬಿಡುತ್ತದೆ. ಅಡ್ಡಾದಿಡ್ಡಿಯಾದರೆ, ಮೇಲ್ಕೋಣೆಗಳು ತಾಳವಿಲ್ಲದೆ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು; ಅದರಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಏರುವುದರಿಂದ ತಡಮಾಡುವಂತಿಲ್ಲ. ಬರೆದಿಡಬೇಕಾದ್ದು ಹೆಚ್ಚೇನಿಲ್ಲ: ದಿನಾಂಕ, ಶುರುವಾದ ಗಳಿಗೆ, ಎಷ್ಟು ಹೊತ್ತು, 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದ ನಾಡಿ, ಆಗ ಮಾಡುತ್ತಿದ್ದ ಕೆಲಸ, ಹಿಂದಿನ ದಿನ ನುಂಗಿದ ಔಷಧಿ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಂಡ ಶೀತದ ಮಾತ್ರೆ, ಉಬ್ಬಸದ ಇನ್ಹೇಲರ್, ಹೆಚ್ಚಾದ ಥೈರಾಯ್ಡ್ ಮಾತ್ರೆ ಎಲ್ಲವೂ ಎದೆ ಹಾರಿಸಬಲ್ಲವು. ಬಡಿತದ ವೇಗ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೂ ಅಷ್ಟೇ.

ಯಂತ್ರದ ಆಯ್ಕೆ ತೊಂದರೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಮೇಲೆ. ದಿನವೂ ಬಂದರೆ ಮೈಗೆ ಕಟ್ಟಿಕೊಂಡು ಸತತ ಇಸಿಜಿ ದಾಖಲಿಸುವ 24 ಅಥವಾ 48 ಗಂಟೆಯ ಹೋಲ್ಟರ್ ಸಾಕು. (ಅಮೆರಿಕದ ನಾರ್ಮನ್ ಹೋಲ್ಟರ್ ಮೊದಲು ಕಟ್ಟಿದ ಯಂತ್ರ ಬೆನ್ನಿಗೆ ಹೊರಬೇಕಾದ ಸುಮಾರು 38 ಕಿಲೋ ಹೊರೆ. ಈಗ ಜೇಬಿನಲ್ಲಿ ಹಿಡಿಸುತ್ತದೆ.) ವಾರಕ್ಕೊಮ್ಮೆ ಬರುವುದಕ್ಕೆ ಎದೆಗೆ ಅಂಟಿಸುವ 14 ದಿನದ ಪಟ್ಟಿ, ತಿಂಗಳಿಗೊಮ್ಮೆಯಾದರೆ 30 ದಿನದ ಈವೆಂಟ್ ರೆಕಾರ್ಡರ್. ವರ್ಷಕ್ಕೆರಡು ಸಲ ಪ್ರಜ್ಞೆ ತಪ್ಪುವವರಿಗೆ ಚರ್ಮದಡಿ ಕೂರಿಸುವ ಲೂಪ್ ರೆಕಾರ್ಡರ್. ಅದು ಮೂರು ವರ್ಷದಷ್ಟು ಕಾಲ ಕಾಯುತ್ತದೆ. ವಾರಕ್ಕೊಮ್ಮೆಯ ತೊಂದರೆಗೆ ಒಂದು ದಿನದ ಹೋಲ್ಟರ್ ಹಾಕಿ "ಅದೂ ನಾರ್ಮಲ್" ಎನ್ನುವುದು, ಭಾನುವಾರದ ಸಂತೆಯನ್ನು ಬುಧವಾರ ನೋಡಲು ಹೋದ ಹಾಗೆ. ಯಂತ್ರದಲ್ಲಿ ಗುಂಡಿ ಇದ್ದರೆ ತೊಂದರೆಯಾದಾಗ ತಪ್ಪದೆ ಒತ್ತಿ. ಒತ್ತಿದ ಗಳಿಗೆಯಲ್ಲೇ ಸಹಜ ತಾಳ ದಾಖಲಾಗಿದ್ದರೆ ಅದು ಗಟ್ಟಿ ಸಾಕ್ಷಿ, ಹತ್ತು ಇಸಿಜಿಗಿಂತ ಹೆಚ್ಚು ನಂಬಬಹುದಾದದ್ದು. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್, ಪೊಟ್ಯಾಸಿಯಂ ನೋಡಿರಬೇಕು. ನಿಂತರೆ ಮಾತ್ರ ಎದೆ ಹಾರುವುದಾದರೆ ಮಲಗಿದಾಗಿನ ಮತ್ತು ನಿಂತ ಮೇಲೆ 10 ನಿಮಿಷದವರೆಗಿನ ನಾಡಿ, ರಕ್ತದೊತ್ತಡ ಅಳೆಯಬೇಕು. ವಯಸ್ಕರಲ್ಲಿ ಒತ್ತಡ ಕುಸಿಯದೆ ನಾಡಿ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೇ ನಿಂತರೆ ಅದು ಪಾಟ್ಸ್ ಎಂಬ ತೊಂದರೆ ಇರಬಹುದು.

ಆತಂಕ ಸುಳ್ಳು ಕಾರಣವೆಂದೇನೂ ಅಲ್ಲ. ಅಡ್ರಿನಾಲಿನ್ ಎಕ್ಟೋಪಿಕ್ ಹೆಚ್ಚಿಸುತ್ತದೆ, ಎಕ್ಟೋಪಿಕ್ ಭಯ ಹೆಚ್ಚಿಸುತ್ತದೆ, ಭಯ ಮತ್ತೆ ಅಡ್ರಿನಾಲಿನ್ ಸುರಿಸುತ್ತದೆ. ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದು ಈ ಬೆಂಕಿಗೆ ತುಪ್ಪ. ಆದರೆ ಆತಂಕವಿರುವವರಿಗೆ ಎಸ್‌ವಿಟಿ ಬರಬಾರದೆಂದು ಯಾವ ನಿಯಮವೂ ಇಲ್ಲ. ತಾಳ ದಾಖಲಿಸಿದ ಮೇಲೆ ಹೇಳುವ "ಆತಂಕ" ರೋಗನಿರ್ಣಯ. ದಾಖಲಿಸುವ ಮೊದಲು ಹೇಳಿದ್ದು ಊಹೆ.

ಎಸ್‌ವಿಟಿ ಎಂದು ಖಚಿತವಾದವರಿಗೆ ವೈದ್ಯರು ಕಲಿಸಿಕೊಡುವ ಒಂದು ಉಪಾಯವಿದೆ. ಅರೆ ಒರಗಿ ಕೂತು, 10 ಮಿ.ಲೀ. ಸಿರಿಂಜಿನ ಒಳದಂಡ ಸ್ವಲ್ಪ ಜರುಗುವಷ್ಟು ಬಿಗಿಯಾಗಿ 15 ಸೆಕೆಂಡು ಊದಬೇಕು. ತಕ್ಷಣ ಅಂಗಾತ ಮಲಗಿಸಿ, ಇನ್ನೊಬ್ಬರು ಕಾಲುಗಳನ್ನು 45 ಡಿಗ್ರಿ ಎತ್ತಿ 15 ಸೆಕೆಂಡು ಹಿಡಿಯಬೇಕು. 2015ರ ರಿವರ್ಟ್ ಪ್ರಯೋಗದಲ್ಲಿ ಇದರಿಂದ ಶೇ. 43 ಮಂದಿಯ ತಾಳ ಸರಿಹೋಯಿತು. ಕಾಲೆತ್ತದೆ ಬರೀ ಊದಿದವರಲ್ಲಿ ಶೇ. 17. ತಾಳ ಸರಿಪಡಿಸಲು ಕತ್ತಿನ ರಕ್ತನಾಳ ಒತ್ತುವ ಸಾಹಸ ಮನೆಯಲ್ಲಿ ಬೇಡ. ಪದೇಪದೇ ಕಾಡಿದರೆ ತೂರುನಳಿಗೆಯಿಂದ (ಕೆಥೀಟರ್) ಆ ಹೆಚ್ಚುವರಿ ದಾರಿಯನ್ನೇ ಸುಡುವ ಅಬ್ಲೇಷನ್ ಇದೆ, ಬಹುಪಾಲು ಜನರಲ್ಲಿ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ.

ಪ್ರಜ್ಞೆ ತಪ್ಪಿದ್ದರೆ, ಓಡುವಾಗ ಅಥವಾ ಈಜುವಾಗ ಶುರುವಾದರೆ, ಎದೆನೋವು, ಉಸಿರಾಟದ ಕಷ್ಟ ಜೊತೆಗಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಈ ಟಿಪ್ಪಣಿ, ಕಾಯುವಿಕೆ ಯಾವುದೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಪ್ರತಿ ಸಲವೂ ಇಸಿಜಿಯ ಗೆರೆಗಳಿರುವ ಕಾಗದದ ನಕಲನ್ನೇ ಕೇಳಿ ಪಡೆಯಿರಿ, "ನಾರ್ಮಲ್" ಎಂಬ ಒಂದು ಸಾಲಿನ ವರದಿ ಸಾಲದು. ಹೃದಯದಲ್ಲಿ ಹೆಚ್ಚುವರಿ ವಿದ್ಯುತ್ ದಾರಿ ಇರುವ ಡಬ್ಲ್ಯೂಪಿಡಬ್ಲ್ಯೂ ಎಂಬ ಸ್ಥಿತಿಯ ಗುರುತಾದ ಡೆಲ್ಟಾ ಅಲೆ ಕೆಲವರಲ್ಲಿ ಒಂದು ದಿನ ಕಾಣುತ್ತದೆ, ಇನ್ನೊಂದು ದಿನ ಕಾಣುವುದಿಲ್ಲ. ಹಳೆಯ ನಾಲ್ಕು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರ ಕಣ್ಣಿಗೆ ಅದು ಬೀಳುತ್ತದೆ.