ಗಾಸಿಪಿಬೋಮಾ: ಕತ್ತರಿಗೆ ಈ ಹೆಸರಲ್ಲ

ಹೊಟ್ಟೆಯೊಳಗೆ ಕತ್ತರಿ ಬಿಟ್ಟ ಸುದ್ದಿ ಬಂದಾಗಲೆಲ್ಲ ಯಾರೋ ಒಬ್ಬರು ಅದಕ್ಕೆ 'ಗಾಸಿಪಿಬೋಮಾ' ಅಂತ ಹೆಸರಿಡುತ್ತಾರೆ. ನೋಡಿ ನೋಡಿ ಸಾಕಾಯಿತು. ಕತ್ತರಿ ಗಾಸಿಪಿಬೋಮಾ ಅಲ್ಲ, ಸೂಜಿಯೂ ಅಲ್ಲ. ಆಪರೇಷನ್ ಮಾಡುವಾಗ ರಕ್ತ ಹೀರಲಿ ಅಂತ ಇಟ್ಟ ಹತ್ತಿಬಟ್ಟೆ, ಅಂದರೆ ಗಾಜ್ (gauze) ಬಟ್ಟೆಯೋ ಮಾಪೋ, ಒಳಗೇ ಉಳಿದು ಅದರ ಸುತ್ತ ದೇಹ ಕಟ್ಟಿಕೊಳ್ಳುವ ಗಂಟಿದೆಯಲ್ಲ, ಅದಕ್ಕೆ ಈ ಹೆಸರು.

ಹತ್ತಿ ಪದದೊಳಗೇ ಕೂತಿದೆ. ಲ್ಯಾಟಿನ್‌ನಲ್ಲಿ ಗಾಸಿಪಿಯಂ ಅಂದರೆ ಹತ್ತಿ, ಸಸ್ಯಶಾಸ್ತ್ರದಲ್ಲಿ ಹತ್ತಿಗಿಡದ ಕುಲಕ್ಕೂ ಅದೇ ಹೆಸರು. (ಗಾಸಿಪ್‌ಗೂ ಇದಕ್ಕೂ ಸಂಬಂಧ ಇಲ್ಲ.) ತಕರಾರು ಇರುವುದು ಬಾಲದಲ್ಲಿ. ಕೊನೆಗಿರುವುದು ಗಂಟು, ಗಡ್ಡೆ ಅನ್ನುವ ಅರ್ಥದ ಗ್ರೀಕಿನ 'ಓಮಾ' ಆಗಿದ್ದರೆ ಪದ 'ಗಾಸಿಪಿಯೋಮಾ' ಆಗಬೇಕಿತ್ತು, ನಡುವೆ 'ಬ' ಎಲ್ಲಿಂದ ಬಂತು? ವೈದ್ಯಕೀಯ ಲೇಖನಗಳು ಕೊಡುವ ಉತ್ತರ: ಸ್ವಾಹಿಲಿಯ 'ಬೋಮಾ', ಅಂದರೆ ಬಚ್ಚಿಟ್ಟ ಜಾಗ. ಆದರೆ ಸ್ವಾಹಿಲಿಯಲ್ಲಿ ಬೋಮಾ ಅಂದರೆ ಬೇಲಿ, ಕೋಟೆ, ದನದ ದೊಡ್ಡಿ. 'ಬಚ್ಚಿಟ್ಟ ಜಾಗ' ಅನ್ನುವುದು ಸ್ವಲ್ಪ ಎಳೆದು ತಂದ ಅರ್ಥ. ನನಗೇನೋ ದೊಡ್ಡಿಯೇ ಜಾಸ್ತಿ ಒಪ್ಪುತ್ತದೆ, ಯಾಕೆಂದರೆ ದೇಹ ಮಾಡುವುದೂ ಅದನ್ನೇ. ಹತ್ತಿ ಕರಗುವುದಿಲ್ಲ, ಹಾಗಾಗಿ ಸುತ್ತಲೂ ನಾರಿನಂಥ ಪದರ ಬೆಳೆಸಿ ಬೇಲಿ ಹಾಕುತ್ತದೆ. ಬೇಲಿ ಗಟ್ಟಿಯಾದರೆ ವರ್ಷಗಟ್ಟಲೆ ಸದ್ದಿಲ್ಲ. ಸೋಂಕು ತಗುಲಿದರೆ ಕೀವು, ಜ್ವರ, ಕೆಲವೊಮ್ಮೆ ಬಟ್ಟೆ ಕರುಳನ್ನೇ ಕೊರೆದು ಒಳಗೆ ಹೋಗುವುದೂ ಉಂಟು.

ಇನ್ನೊಂದು ಹೆಸರು 'ಟೆಕ್ಸ್‌ಟೈಲೋಮಾ'. ಇದರಲ್ಲಿ ಇರುವುದು ನಿಜವಾದ 'ಓಮಾ'. 'ಓಮಾ' ಕಂಡ ಕೂಡಲೇ ಕ್ಯಾನ್ಸರ್ ಅಂತ ಹೆದರುವವರೂ ಇದ್ದಾರೆ. ಪೆಟ್ಟು ಬಿದ್ದು ರಕ್ತ ಕಟ್ಟಿಕೊಂಡರೆ ಅದೂ ಹೆಮಟೋಮಾನೇ ಅಲ್ವಾ? ಸ್ಕ್ಯಾನ್‌ನಲ್ಲಿ ಮಾತ್ರ ಈ ಗಂಟು ಕ್ಯಾನ್ಸರ್ ಗಡ್ಡೆಯ ಹಾಗೇ ಕಂಡು ವೈದ್ಯರನ್ನೂ ಏಮಾರಿಸುತ್ತದೆ, ತೆಗೆದು ನೋಡಿದರೆ ಬಟ್ಟೆ! ಇಂಥ ಮೊದಲ ವರದಿ 1884ರದ್ದು. ಈಗ ಈ ಬಟ್ಟೆಯಲ್ಲಿ ಎಕ್ಸ್-ರೇಗೆ ಕಾಣುವ ಎಳೆ ನೇಯ್ದಿರುತ್ತಾರೆ, ಹೊಲಿಗೆ ಹಾಕುವ ಮೊದಲು ಎಣಿಸುತ್ತಾರೆ. ಆದರೂ ಲೆಕ್ಕ ಸರಿ ಇದೆ ಅಂತ ಬರೆದಿಟ್ಟ ಆಪರೇಷನ್‌ಗಳಲ್ಲೇ ಎಷ್ಟೋ ಸಲ ಹೀಗಾಗಿದೆ. ತುರ್ತು ಆಪರೇಷನ್ ಆದರೆ, ಅಥವಾ ನಡುವೆ ಯೋಜನೆ ಬದಲಾದರೆ ಅಪಾಯ ಇನ್ನೂ ಜಾಸ್ತಿ.

ಕತ್ತರಿ ಸಿಕ್ಕರೆ ಏನನ್ನಬೇಕು? 'ಒಳಗೆ ಉಳಿದ ಉಪಕರಣ' ಅನ್ನಿ. ಹತ್ತಿ ಇಲ್ಲದ ಕಡೆ ಗಾಸಿಪಿಯಂ ಯಾಕೆ ಸುಮ್ನೆ?