ಹಳೆಯ ಚೀಟಿಯನ್ನು ಏಕೆ ಕೇಳಬೇಕು: ಹೆಪಟೈಟಿಸ್ ಬಿ ಮತ್ತು ಔಷಧ ನಿರೋಧಕತೆ

ರಾಯಚೂರು ಸೀಮೆಯಲ್ಲಿ ಬೆಳೆದ ನಮಗೆ ಈ ಪಾಠದ ಅರ್ಧ ಭಾಗ ಹೊಲದಲ್ಲೇ ಆಗಿದೆ. ಬಿಟಿ ಹತ್ತಿಯ ಕಾಯಿಯೊಳಗೆ ಗುಲಾಬಿ ಕಾಯಿಕೊರಕ ಮತ್ತೆ ಕಾಣಿಸಿಕೊಂಡದ್ದು ನೆನಪಿದೆಯಲ್ಲವೇ? ವಿಷ ತಾಳಿಕೊಳ್ಳುವ ಕೆಲವೇ ಹುಳುಗಳು ಉಳಿದುಕೊಂಡವು. ಮಿಕ್ಕವು ಸತ್ತ ಮೇಲೆ ಹೊಲವೆಲ್ಲ ಅವುಗಳದಾಯಿತು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್‌ನದೂ ಇದೇ ಕಥೆ. ಆದ್ದರಿಂದ ಉತ್ತರ ಪತ್ರಿಕೆಯಲ್ಲಿ ‘ರೋಗಿಯ ದೇಹ ಮಾತ್ರೆಗೆ ಒಗ್ಗಿಹೋಯಿತು’ ಎಂದು ದಯವಿಟ್ಟು ಬರೆಯಬೇಡಿ. ಬದಲಾದದ್ದು ವೈರಸ್.

ಇದು ಡಿಎನ್‌ಎ ವೈರಸ್ ಆದರೂ ಆರ್‌ಎನ್‌ಎ ಪ್ರತಿಯೊಂದನ್ನು ಮಾಡಿಕೊಂಡು, ಅದರಿಂದ ಹಿಮ್ಮುಖವಾಗಿ ಡಿಎನ್‌ಎ ಬರೆಯುತ್ತದೆ. ಬರೆಯುವ ಪಾಲಿಮರೇಸ್ ಕಿಣ್ವಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳಲು ಬಾರದು. ದಿನಕ್ಕೆ ಸಾವಿರಾರು ಕೋಟಿ ಕಣಗಳು ಹುಟ್ಟುವಾಗ ತಪ್ಪುಗಳಿಗೆ ಬರವೇ?

1998ರಲ್ಲಿ ಹೆಪಟೈಟಿಸ್ ಬಿಗೆ ಅಮೆರಿಕದಲ್ಲಿ ಅನುಮತಿ ಪಡೆದ ಲ್ಯಾಮಿವುಡಿನ್ ಎಂಬ ಮಾತ್ರೆಯನ್ನು ಸೋಲಿಸಲು ಅಂಥ ಒಂದೇ ತಪ್ಪು ಸಾಕಾಯಿತು. ಪಾಲಿಮರೇಸ್‌ನ 204ನೇ ಸ್ಥಾನದಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಹೋಗಿ ವ್ಯಾಲಿನ್ ಅಥವಾ ಐಸೊಲ್ಯೂಸಿನ್ ಬಂದರೆ ಔಷಧ ನಾಟುವುದಿಲ್ಲ. ಮೊದಲ ವರ್ಷದಲ್ಲೇ ಸುಮಾರು ಶೇ 20, ಐದು ವರ್ಷಗಳಲ್ಲಿ ಸುಮಾರು ಶೇ 70ರಷ್ಟು ರೋಗಿಗಳಲ್ಲಿ ನಿರೋಧಕತೆ ಕಂಡಿತು.

ಇನ್ನೊಂದು ಮಾತ್ರೆ ಎಂಟೆಕಾವಿರ್ ವಿಷಯದಲ್ಲಿ ನಿಧಾನವಾಗಿ ಓದಿ, ನಾನು ಎಡವಿದ್ದು ಇಲ್ಲಿಯೇ. ಅದನ್ನು ಸೋಲಿಸಲು ವೈರಸ್ ಮೂರು ಮೆಟ್ಟಿಲು ಹತ್ತಬೇಕು: ಪಾಲಿಮರೇಸ್‌ನ 204 ಮತ್ತು 180ನೇ ಸ್ಥಾನಗಳಲ್ಲಿ ಬದಲಾವಣೆ, ಜೊತೆಗೆ 184, 202, 250ರಲ್ಲಿ ಒಂದು ಕಡೆ. ಹೊಸ ರೋಗಿಗಳಲ್ಲಿ ಐದು ವರ್ಷಗಳಾದರೂ ನಿರೋಧಕತೆ ಶೇ 1ರ ಆಸುಪಾಸಿನಲ್ಲೇ ಉಳಿಯುತ್ತದೆ. ಲ್ಯಾಮಿವುಡಿನ್ ಸೋತವರಲ್ಲಿ ಮೊದಲ ಎರಡು ಮೆಟ್ಟಿಲು ಆಗಲೇ ಹತ್ತಿಯಾಗಿರುತ್ತದೆ. ಅಲ್ಲಿ ಐದು ವರ್ಷಗಳಲ್ಲಿ ನಿರೋಧಕತೆ ಶೇ 50ರ ಹತ್ತಿರ. ಲ್ಯಾಮಿವುಡಿನ್ ನಿಲ್ಲಿಸಿ ವರ್ಷಗಳೇ ಕಳೆದರೂ ಆ ರೂಪಾಂತರದ ಪ್ರತಿ ಯಕೃತ್ತಿನ ಕೋಶಕೇಂದ್ರದಲ್ಲಿ ಅಡಗಿರುತ್ತದೆ. ಟೆನೊಫೊವಿರ್ ಎಂಬ ಮತ್ತೊಂದು ಮಾತ್ರೆಗೆ ಎಂಟು ವರ್ಷಗಳ ಅಧ್ಯಯನದಲ್ಲೂ ಸ್ಪಷ್ಟ ನಿರೋಧಕತೆ ಕಂಡಿಲ್ಲ.

ಚಿಕಿತ್ಸೆಯಲ್ಲಿ ಅತ್ಯಂತ ಕೆಳಗಿಳಿದಿದ್ದ ವೈರಸ್ ಪ್ರಮಾಣ ಅಲ್ಲಿಂದ ಹತ್ತು ಪಟ್ಟಿಗಿಂತ ಹೆಚ್ಚು ಏರಿದರೆ ನಿರೋಧಕತೆಯ ಸಂಶಯ ಸರಿಯೇ. ಆದರೆ ಮೊದಲು ಮಾತ್ರೆ ತಪ್ಪಿತೇ ಎಂದು ಕೇಳಿ. ಗುಳೆ ಹೋದವರಿಗೆ ತಿಂಗಳ ಮಾತ್ರೆ ಕೈಗೆ ಸಿಗದಿರಬಹುದು. ಅವರನ್ನು ಗದರಿಸದೆ ವಿಚಾರಿಸಬೇಕು.

ಎಚ್‌ಐವಿಯೂ ಇರುವವರಲ್ಲಿ ಹಳೆಯ ಎಆರ್‌ಟಿ (ಎಚ್‌ಐವಿ ಔಷಧಗಳ ಚಿಕಿತ್ಸೆ) ಚೀಟಿಯನ್ನು ನೋಡಲೇಬೇಕು. ಜಿಡೊವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಎಂದಿದ್ದರೆ, ಆ ಮೂರರಲ್ಲಿ ಹೆಪಟೈಟಿಸ್ ಬಿ ಮೇಲೆ ಕೆಲಸ ಮಾಡುತ್ತಿದ್ದದ್ದು ಲ್ಯಾಮಿವುಡಿನ್ ಒಂದೇ. ಅಂದರೆ ವೈರಸ್ ಮೊದಲ ಎರಡು ಮೆಟ್ಟಿಲು ಆಗಲೇ ಹತ್ತಿರಬಹುದು.